ನಲ್ಲಿ ಮೂಳೆಯ ಒಳಗೆ ಏನಿದೆ?

ಇದು ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ತಿರದ ಒಂದು ಹಳ್ಳಿಯ ಸಮುದಾಯ ಭವನದಲ್ಲಿ ನಾನು ಆಡಿದ ಮಾತು. ಅವತ್ತು ಬೆಳಿಗ್ಗೆಯಿಂದಲೇ ಕರೆಂಟ್ ಇರಲಿಲ್ಲ. ತೋರಿಸಬೇಕು ಅಂತ ತಂದಿದ್ದ ಚಿತ್ರಗಳೆಲ್ಲ ಲ್ಯಾಪ್‌ಟಾಪ್‌ನಲ್ಲೇ ಉಳಿದವು. ಎಂಆರ್‌ಐ ಚಿತ್ರಗಳ ಬಗ್ಗೆ, ಒಂದು ಚಿತ್ರವೂ ಇಲ್ಲದೆ, ಮುಕ್ಕಾಲು ಗಂಟೆ ಮಾತಾಡಿದೆ. ಬರೆಯುವಾಗ ಅಲ್ಲಲ್ಲಿ ಸ್ವಲ್ಪ ಸೇರಿಸಿದ್ದೇನೆ. ನಡುವೆ ಬಂದ ಪ್ರಶ್ನೆಗಳನ್ನು ಹಾಗೇ ಇಟ್ಟಿದ್ದೇನೆ.

ಮಾಂಸ ತಿನ್ನದವರು ಮೊದಲೇ ಕ್ಷಮಿಸಬೇಕು. ನನ್ನ ಮಾತು ನಲ್ಲಿ ಮೂಳೆಯಿಂದ ಶುರುವಾಗುತ್ತೆ.

ನಮ್ಮನೆಯಲ್ಲಿ ಭಾನುವಾರ ಕುರಿ ಮಾಂಸ ತಂದರೆ ನನಗೂ ಅಣ್ಣನಿಗೂ ಜಗಳ ಆಗುತ್ತಿದ್ದುದು ಆ ಒಂದು ತುಂಡಿಗೆ. ತಟ್ಟೆಗೆ ನಾಲ್ಕು ಸಲ ಕುಟ್ಟಿ, ತುದಿಗೆ ಬಾಯಿಟ್ಟು ಜೋರಾಗಿ ಎಳೆದರೆ ಒಳಗಿಂದ ಬೆಣ್ಣೆಯಂಥದ್ದು ಜಾರಿ ಬರುತ್ತಿತ್ತು. ಅದೂ ಬಿಸಿ ಇದ್ದಾಗ ಮಾತ್ರ. ತಣ್ಣಗಾದರೆ ಚಳಿಗಾಲದ ತುಪ್ಪದ ಹಾಗೆ ಬೆಳ್ಳಗೆ ಗಟ್ಟಿಯಾಗಿ ಅಲ್ಲೇ ಕೂತುಬಿಡುತ್ತಿತ್ತು. ಆಮೇಲೆ ಕಡ್ಡಿ ಹಾಕಿ ಕೆದಕಬೇಕು. ಪುಸ್ತಕದಲ್ಲಿ ಅದಕ್ಕೆ ಅಸ್ಥಿಮಜ್ಜೆ ಅನ್ನುತ್ತಾರೆ. ನಮ್ಮಜ್ಜಿ "ಮೂಳೆ ನೆಣ" ಅನ್ನುತ್ತಿದ್ದರು. ಅಜ್ಜಿಯ ಮಾತು ಎಷ್ಟು ಸರಿ ಅಂತ ನನಗೆ ಗೊತ್ತಾಗಿದ್ದು ರೇಡಿಯಾಲಜಿ ಓದಿ, ಶಿವಮೊಗ್ಗದಲ್ಲಿ ಕೆಲಸಕ್ಕೆ ಸೇರಿದ ಮೇಲೆ.

ಮಜ್ಜೆಯಲ್ಲಿ ರಕ್ತ ಹುಟ್ಟುತ್ತೆ ಅಂತ ಶಾಲೆಯಲ್ಲಿ ಎಲ್ಲರೂ ಓದಿದ್ದೇವೆ. ಸರಿ. ಆದರೆ ಎಲ್ಲ ಮಜ್ಜೆಯಲ್ಲೂ ಅಲ್ಲ, ಎಲ್ಲ ವಯಸ್ಸಿನಲ್ಲೂ ಅಲ್ಲ. ಹುಟ್ಟಿದ ಮಗುವಿನ ಮೂಳೆಗಳಲ್ಲಿ ಹೆಚ್ಚುಕಮ್ಮಿ ಪೂರ್ತಿ ಕೆಂಪು ಮಜ್ಜೆಯೇ ಇರುತ್ತೆ. ಆಮೇಲೆ ಕೈಕಾಲಿನ ಬೆರಳ ತುದಿಯಿಂದ ಶುರುವಾಗಿ ಮೈಯ ನಡುವಿನ ಕಡೆಗೆ ಅದು ನಿಧಾನವಾಗಿ ಹಳದಿಯಾಗುತ್ತಾ ಬರುತ್ತೆ. ಹಳದಿ ಅಂದರೆ ಕೊಬ್ಬು. ಸುಮಾರು 25 ವರ್ಷ ಆಗುವ ಹೊತ್ತಿಗೆ ಕೆಂಪು ಉಳಿಯುವುದು ಬೆನ್ನುಮೂಳೆ, ಸೊಂಟದ ಮೂಳೆ, ಪಕ್ಕೆಲುಬು, ಎದೆಮೂಳೆ, ತಲೆಬುರುಡೆ, ತೊಡೆ ಮತ್ತು ತೋಳಿನ ಮೂಳೆಯ ಮೇಲ್ತುದಿ, ಇಷ್ಟರಲ್ಲಿ. ಆ ಕೆಂಪು ಮಜ್ಜೆಯಲ್ಲೂ ನೂರಕ್ಕೆ 40 ಭಾಗ ಕೊಬ್ಬೇ. ಹಳದಿಯಲ್ಲಿ 80 ಭಾಗ. ತೆಳ್ಳಗೆ, ಆರೋಗ್ಯವಾಗಿರುವ ಒಬ್ಬ ಮನುಷ್ಯನ ಮೈಯಲ್ಲಿರುವ ಒಟ್ಟು ಕೊಬ್ಬಿನಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ಮೂಳೆಗಳ ಒಳಗೇ ಕೂತಿರುತ್ತೆ. ಹೊಟ್ಟೆ ಮುಟ್ಟಿ ನೋಡಿಕೊಂಡು "ನಂಗೇನು ಕೊಬ್ಬಿಲ್ಲ ಬಿಡಿ" ಅನ್ನುವವರೂ ಇದನ್ನು ಲೆಕ್ಕಕ್ಕೆ ಹಿಡಿಯಬೇಕು.

ನಾವು ಓದುವಾಗ ಈ ಕೊಬ್ಬಿಗೆ ಯಾರೂ ಮರ್ಯಾದೆ ಕೊಡಲಿಲ್ಲ. ಖಾಲಿ ಜಾಗ ಇದೆ, ತುಂಬಿಕೊಂಡಿದೆ, ಅಷ್ಟೆ ಅನ್ನುವ ಧಾಟಿ. ಗಾಜಿನ ಸಾಮಾನು ಕಳಿಸುವಾಗ ಪೆಟ್ಟಿಗೆಗೆ ಹುಲ್ಲು ತುರುಕುತ್ತಾರಲ್ಲ, ಹಾಗೆ. ಆದರೆ 1971ರಲ್ಲೇ ಫ್ರಾನ್ಸಿನ ಪಿಯರ್ ಮ್ಯೂನಿಯೇ ಮತ್ತು ಸಂಗಡಿಗರು ಬೇರೆ ಮಾತು ಹೇಳಿದ್ದರು. ಮೂಳೆ ಟೊಳ್ಳಾಗುವುದು ಹೇಗೆ ಅಂತ ತಿಳಿಯಲು, ಸೊಂಟದ ಮೂಳೆಯಿಂದ ಸೂಜಿಯಲ್ಲಿ ತೆಗೆದ 84 ಚೂರುಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದರು. ಮೂಳೆ ಕರಗಿದ ಜಾಗದಲ್ಲೆಲ್ಲ ಕೊಬ್ಬು ಬಂದು ಕೂತಿತ್ತು. ಅದು ಸುಮ್ನೆ ಬಂದು ಕೂತಿದ್ದಾ, ಇಲ್ಲಾ ಮೂಳೆ ಕಟ್ಟಬೇಕಾದವರನ್ನೇ ತನ್ನ ಕಡೆ ಸೆಳೆದುಕೊಂಡಿತಾ ಅನ್ನುವುದು ಪ್ರಶ್ನೆ.

ಇದನ್ನು ನಮ್ಮೂರ ಲೆಕ್ಕದಲ್ಲಿ ಹೇಳುತ್ತೇನೆ. ಮೂಳೆ ಅಂದರೆ ಒಂದು ಸಲ ಕಟ್ಟಿ ಬಿಟ್ಟ ಗೋಡೆ ಅಲ್ಲ. ಪ್ರತಿ ವರ್ಷ ಸುಮಾರು ಹತ್ತರಲ್ಲಿ ಒಂದು ಭಾಗ ರಿಪೇರಿ ಆಗುತ್ತಲೇ ಇರುತ್ತೆ. ಹಳೆಯದನ್ನು ಕೆತ್ತುವ ಜೀವಕೋಶಗಳು ಬೇರೆ, ಅಲ್ಲಿ ಹೊಸದಾಗಿ ಗಾರೆ ಹಚ್ಚುವ ಜೀವಕೋಶಗಳು ಬೇರೆ. ಈ ಗಾರೆಯವರು ಎಲ್ಲಿಂದ ಬರುತ್ತಾರೆ? ಮಜ್ಜೆಯಲ್ಲಿರುವ ಒಂದು ಬಗೆಯ ತಾಯಿ ಜೀವಕೋಶದಿಂದ. ವಿಚಿತ್ರ ಏನಪ್ಪ ಅಂದರೆ ಕೊಬ್ಬಿನ ಕೋಶ ಹುಟ್ಟುವುದೂ ಅದೇ ಮನೆಯಲ್ಲಿ. ಒಂದೇ ಮನೆಯ ಹುಡುಗರು, ಒಬ್ಬ ಗಾರೆ ಕೆಲಸಕ್ಕೆ ಹೋಗುತ್ತಾನೆ, ಇನ್ನೊಬ್ಬ ಎಣ್ಣೆ ಅಂಗಡಿ ಇಡುತ್ತಾನೆ. ವಯಸ್ಸಾದ ಹಾಗೆ ಎಣ್ಣೆ ಅಂಗಡಿಗೆ ಹೋಗುವವರೇ ಜಾಸ್ತಿ ಆಗುತ್ತಾರೆ. ಕೆತ್ತುವವರು ಮಾತ್ರ ಕೆಲಸ ನಿಲ್ಲಿಸುವುದಿಲ್ಲ. ಈಗ ಊರಲ್ಲಿ ಹೆಂಚು ಹೊದಿಸೋಕೆ ಜನ ಸಿಗದೆ ಮನೆ ಸೋರುತ್ತಲ್ಲ, ಆ ಕಥೆಯೇ.

ಯಾರು ಯಾವ ದಾರಿ ಹಿಡಿಯಬೇಕು ಅಂತ ತಿರುಗಿಸುವ ಸ್ವಿಚ್ಚುಗಳು ಜೀವಕೋಶದ ಒಳಗಿವೆ. ಒಂದರ ಹೆಸರು ಪಿಪಾರ್-ಗಾಮಾ. ಅದನ್ನು ಒತ್ತಿದರೆ ಎಣ್ಣೆ ಅಂಗಡಿ ಕಡೆಗೆ. ಸಕ್ಕರೆ ಕಾಯಿಲೆಗೆ ಕೊಡುವ ಪಯೋಗ್ಲಿಟಜೋನ್ ಅನ್ನುವ ಮಾತ್ರೆ ಕೆಲಸ ಮಾಡುವುದೂ ಅದೇ ಸ್ವಿಚ್ಚಿನ ಮೇಲೆ. ಆ ಗುಂಪಿನ ಮಾತ್ರೆ ತೆಗೆದುಕೊಂಡ ಹೆಂಗಸರಲ್ಲಿ ಮೂಳೆ ಮುರಿತ ಜಾಸ್ತಿ ಆಗಿದ್ದು ದೊಡ್ಡ ದೊಡ್ಡ ಅಧ್ಯಯನಗಳಲ್ಲಿ ಕಂಡಿದೆ. ಇಷ್ಟು ಹೇಳಿದ ಕೂಡಲೇ ಹಿಂದಿನ ಸಾಲಲ್ಲಿ ಒಬ್ಬರು ಅಂಗಿ ಜೇಬಿಂದ ಮಾತ್ರೆ ಚೀಟಿ ತೆಗೆದರು. ಮಾರಾಯ್ರೆ, ನನ್ನ ಮಾತು ಕೇಳಿ ಮಾತ್ರೆ ಬಿಡಬೇಡಿ. ನಿಮ್ಮ ಡಾಕ್ಟರ ಹತ್ತಿರ ಕೇಳಿ. ಸಕ್ಕರೆ ಏರಿದರೆ ಮೂಳೆಗೂ ಒಳ್ಳೆಯದಲ್ಲ.

ಈಗ ನಮ್ಮಜ್ಜಿಯ ವಿಷಯ.

ನಾನು ಪಿಯುಸಿಯಲ್ಲಿದ್ದೆ. ಆಷಾಢದ ಮಳೆ. ಅಜ್ಜಿ ಬೆಳಿಗ್ಗೆ ಬಚ್ಚಲ ಒಲೆಗೆ ಬೆಂಕಿ ಹಾಕಲು ಹೋದವರು ಹಾವಸೆ ಮೇಲೆ ಕಾಲಿಟ್ಟು ಜಾರಿದರು. ದೊಡ್ಡ ಬೀಳು ಏನಲ್ಲ, ಕೂತ ಹಾಗೆ ಬಿದ್ದಿದ್ದು. ತೊಡೆಮೂಳೆ ಸೊಂಟದ ಹತ್ತಿರ ಮುರಿಯಿತು. ಜೀಪಿನಲ್ಲಿ ಮಲಗಿಸಿಕೊಂಡು ಒಂದು ಆಸ್ಪತ್ರೆಗೆ ಹೋದೆವು. ರಾಡ್ ಹಾಕಿದರು, ಹೊಲಿಗೆ ಹಾಕಿದರು, ಮೂರು ತಿಂಗಳು ಮಲಗಿರಲಿ ಅಂದರು. ಆಪರೇಷನ್ ಚೆನ್ನಾಗೇ ಆಯಿತು. ಆದರೆ ನಿಂತ ಎತ್ತರದಿಂದ ಬಿದ್ದಿದ್ದಕ್ಕೆ ಅಷ್ಟು ದಪ್ಪದ ಮೂಳೆ ಯಾಕೆ ಮುರಿಯಿತು ಅಂತ ಅಲ್ಲಿ ಒಬ್ಬರೂ ಕೇಳಲಿಲ್ಲ. ಮನೆಗೆ ಕಳಿಸುವಾಗ ಮೂಳೆ ಗಟ್ಟಿಯಾಗಲು ಒಂದು ಔಷಧಿಯೂ ಬರೆಯಲಿಲ್ಲ. ಎರಡು ವರ್ಷದೊಳಗೆ ಅಜ್ಜಿಯ ಬೆನ್ನು ಬಾಗಿತು. ಎಲ್ಲರೂ ವಯಸ್ಸಾಯಿತು ಅಂದರು. ಬಾಗಿದ್ದು ವಯಸ್ಸಿಗಲ್ಲ, ಬೆನ್ನುಮೂಳೆಗಳು ಒಂದೊಂದಾಗಿ ಕುಸಿದಿದ್ದಕ್ಕೆ ಅಂತ ನನಗೆ ತಿಳಿಯಲು ಹತ್ತು ವರ್ಷ ಬೇಕಾಯಿತು. ಇವತ್ತಿಗೂ ಇದನ್ನು ನೆನೆದರೆ ಸಿಟ್ಟು ಬರುತ್ತೆ.

ಅಜ್ಜಿಯ ಆ ಎಕ್ಸ್-ರೇ ಫಿಲಂ ನಮ್ಮ ಮನೆಯ ಟ್ರಂಕಿನ ಹಿಂದೆ ಇತ್ತು. ಓದು ಮುಗಿಸಿ ಬಂದವಳು ಒಂದು ದಿನ ಅದನ್ನು ಒರೆಸಿ ಕಿಟಕಿಯ ಬೆಳಕಿಗೆ ಹಿಡಿದೆ. ಮುರಿದ ಕಾಲನ್ನು ಬಿಟ್ಟು ಇನ್ನೊಂದು ಕಾಲನ್ನು ನೋಡಿದೆ. ತೊಡೆಮೂಳೆಯ ಮೇಲ್ತುದಿಯಲ್ಲಿ, ಒಳಗಡೆ, ಕಮಾನಿನ ಹಾಗೆ ಸಣ್ಣ ಸಣ್ಣ ಗೆರೆಗಳು ಇರುತ್ತವೆ. ಮೈ ಭಾರ ಹೊರುವ ತೊಲೆಗಳು ಅವು. 1970ರಲ್ಲಿ ಮನಮೋಹನ ಸಿಂಗ್ ಅನ್ನುವ ನಮ್ಮ ದೇಶದ ಮೂಳೆ ತಜ್ಞರು ಮತ್ತು ಸಂಗಡಿಗರು ಈ ಗೆರೆಗಳು ಯಾವ ಕ್ರಮದಲ್ಲಿ ಅಳಿಸುತ್ತವೆ ಅಂತ ಆರು ದರ್ಜೆ ಮಾಡಿದ್ದರು. ಆರು ಅಂದರೆ ಎಲ್ಲ ಗೆರೆಯೂ ಇದೆ. ಮೂರಕ್ಕೆ ಬಂದರೆ ಮೂಳೆ ಟೊಳ್ಳಾಗಿದೆ ಅಂತಲೇ ಅರ್ಥ. ಅಜ್ಜಿಯದು ಮೂರೋ ಎರಡೋ. ಮುರಿದ ದಿನವೇ ಆ ಫಿಲಂನಲ್ಲಿ ಎಲ್ಲ ಬರೆದಿತ್ತು, ಓದುವವರು ಇರಲಿಲ್ಲ.

ಅಂದಹಾಗೆ ಒಂದು ಗೊಂದಲ ತಿಳಿಮಾಡಬೇಕು. ಮಂಡಿ ನೋವಿಗೆ ಹೋದರೂ "ಮೂಳೆ ಸವೆದಿದೆ" ಅನ್ನುತ್ತಾರೆ, ಇದಕ್ಕೂ ಹಾಗೇ ಅನ್ನುತ್ತಾರೆ. ಎರಡೂ ಬೇರೆ. ಮಂಡಿಯಲ್ಲಿ ಸವೆಯುವುದು ಕೀಲಿನ ಮೆತ್ತೆ. ಅದು ನೋಯುತ್ತೆ, ನೀವು ಡಾಕ್ಟರ ಹತ್ತಿರ ಹೋಗುತ್ತೀರಿ. ಮೂಳೆ ಟೊಳ್ಳಾಗುವುದು, ಆಸ್ಟಿಯೋಪೊರೋಸಿಸ್, ಮುರಿಯುವ ತನಕ ನೋಯುವುದೇ ಇಲ್ಲ. ಗೆದ್ದಲು ಹಿಡಿದ ತೊಲೆ ಹಾಗೆ. ಹೊರಗಿನಿಂದ ಬಣ್ಣ ಚೆನ್ನಾಗೇ ಇರುತ್ತೆ.

ಮಾಮೂಲಿ ಎಕ್ಸ್-ರೇಯಲ್ಲಿ ಇದು ಕಣ್ಣಿಗೆ ಬೀಳಬೇಕಾದರೆ ಮೂಳೆಯ ಸುಣ್ಣ ಸುಮಾರು ಮೂರನೇ ಒಂದು ಭಾಗ ಹೋಗಿರಬೇಕು. ಅದಕ್ಕೇ ಡೆಕ್ಸಾ ಅನ್ನುವ ಪರೀಕ್ಷೆ ಇರುವುದು. ಎರಡು ಬೇರೆ ಬೇರೆ ಶಕ್ತಿಯ ಎಕ್ಸ್-ರೇ ಹಾಯಿಸಿ, ಎಷ್ಟು ಮಾಂಸ ತಡೆಯಿತು, ಎಷ್ಟು ಸುಣ್ಣ ತಡೆಯಿತು ಅಂತ ಲೆಕ್ಕ ಹಾಕುತ್ತಾರೆ. ಸೊಂಟ ಮತ್ತು ಬೆನ್ನಿನ ಕೆಳಭಾಗದಲ್ಲಿ. ಅದನ್ನು ಆರೋಗ್ಯವಂತ ಹರೆಯದವರ ಮೂಳೆಗೆ ಹೋಲಿಸಿದಾಗ ಬರುವ ಅಂಕಿಗೆ ಟಿ-ಸ್ಕೋರ್ ಅಂತ ಹೆಸರು, ಮೈನಸ್ ಅಂದರೆ ಅವರಿಗಿಂತ ಕಡಿಮೆ. ಮೈನಸ್ 2.5 ಅಥವಾ ಅದಕ್ಕಿಂತ ಕೆಳಗೆ ಬಂದರೆ ಆಸ್ಟಿಯೋಪೊರೋಸಿಸ್, ಇದು ವಿಶ್ವ ಆರೋಗ್ಯ ಸಂಸ್ಥೆ 1994ರಲ್ಲಿ ಹಾಕಿದ ಗೆರೆ. ಔಷಧಿ ಅಂಗಡಿ ಮುಂದೆ ಶಿಬಿರ ಅಂತ ಮಾಡಿ, ಹಿಮ್ಮಡಿಯನ್ನು ಒಂದು ಯಂತ್ರದಲ್ಲಿ ಇಡಿಸಿ ಚೀಟಿ ಕೊಡುತ್ತಾರಲ್ಲ, ಅದು ಡೆಕ್ಸಾ ಅಲ್ಲ, ಅಲ್ಟ್ರಾಸೌಂಡ್. ಅದರ ಅಂಕಿಗೆ ಈ ಮೈನಸ್ 2.5ರ ಗೆರೆ ಹಾಕಲು ಬರುವುದಿಲ್ಲ. ಆ ಚೀಟಿ ನೋಡಿ ಹೆದರಬೇಡಿ, ನೆಮ್ಮದಿಯನ್ನೂ ಪಡಬೇಡಿ.

ಡೆಕ್ಸಾ ಒಳ್ಳೆಯ ಪರೀಕ್ಷೆ. ಆದರೆ ಅದು ಗೋಡೆಯನ್ನು ಅಳೆಯುತ್ತೆ, ಮನೆಯೊಳಗೆ ಯಾರಿದ್ದಾರೆ ಅಂತ ಹೇಳುವುದಿಲ್ಲ. ಟಿ-ಸ್ಕೋರ್ ಪರವಾಗಿಲ್ಲ ಅನ್ನುವಂತಿದ್ದವರಲ್ಲೂ ಎಷ್ಟೋ ಜನರ ಮೂಳೆ ಮುರಿಯುತ್ತೆ. ಸಕ್ಕರೆ ಕಾಯಿಲೆಯವರಲ್ಲಿ ಇದು ಎದ್ದು ಕಾಣುತ್ತೆ, ಸಾಂದ್ರತೆ ಸರಿಯಾಗೇ ಇರುತ್ತೆ, ಮುರಿತ ಜಾಸ್ತಿ. ಅಂದರೆ ಸುಣ್ಣ ಒಂದನ್ನೇ ಲೆಕ್ಕ ಹಾಕಿದರೆ ಸಾಲದು. ಮಜ್ಜೆಯ ಕೊಬ್ಬನ್ನು ಅಳೆಯಬೇಕು ಅನ್ನುವ ಆಸೆ ಹುಟ್ಟಿದ್ದು ಇಲ್ಲಿಂದ. ಸಿಟಿ ಸ್ಕ್ಯಾನ್‌ನಲ್ಲಂತೂ ಈ ಕೊಬ್ಬು ನಮ್ಮನ್ನು ಮೋಸ ಮಾಡುತ್ತೆ. ಕೊಬ್ಬಿನಲ್ಲಿ ಎಕ್ಸ್-ರೇ ಸಲೀಸಾಗಿ ಹಾಯುತ್ತೆ, ಹಾಗಾಗಿ ಕೊಬ್ಬು ತುಂಬಿದ ಬೆನ್ನುಮೂಳೆ ನಿಜಕ್ಕಿಂತ ಇನ್ನೂ ಟೊಳ್ಳಾಗಿ ಕಾಣುತ್ತೆ. ಎರಡು ಶಕ್ತಿಯ ಸಿಟಿ ಬಳಸಿದರೆ ಆ ತಪ್ಪನ್ನು ತಿದ್ದಬಹುದು.

ಕೊಬ್ಬನ್ನು ಸೂಜಿ ಹಾಕದೆ, ಎಕ್ಸ್-ರೇಯೂ ಇಲ್ಲದೆ ಅಳೆಯುವ ದಾರಿ ಎಂಆರ್‌ಐ. ಇಲ್ಲೇ ನನ್ನ ಚಿತ್ರಗಳು ಬೇಕಾಗಿದ್ದವು. ಕರೆಂಟ್ ಇಲ್ಲದ್ದರಿಂದ ಡೊಳ್ಳು ತಂದೆ. ಬಾಯಿಮಾತಿನ ಡೊಳ್ಳು.

ನಮ್ಮ ಮೈಯಲ್ಲಿ ಎಲ್ಲಿ ನೋಡಿದರೂ ಹೈಡ್ರೋಜನ್. ನೀರಿನಲ್ಲಿ ಇದೆ, ಕೊಬ್ಬಿನಲ್ಲೂ ಇದೆ. ಅದರ ನಡುವಿನ ಪ್ರೋಟಾನ್ ಒಂದು ಪುಟಾಣಿ ಅಯಸ್ಕಾಂತ. 1.5 ಟೆಸ್ಲಾ ಯಂತ್ರದೊಳಗೆ ಮಲಗಿದಾಗ, ಅಂದರೆ ಭೂಮಿಯ ಅಯಸ್ಕಾಂತಕ್ಕಿಂತ 30 ಸಾವಿರ ಪಟ್ಟಿಗೂ ಜಾಸ್ತಿ ಬಲದ ನಡುವೆ, ಈ ಪ್ರೋಟಾನ್‌ಗಳು ಬುಗುರಿಯ ಹಾಗೆ ತೂಗಾಡುತ್ತವೆ. ಸೆಕೆಂಡಿಗೆ ಸುಮಾರು 6 ಕೋಟಿ 40 ಲಕ್ಷ ಸಲ. ನೀವು ಭದ್ರಾವತಿ ಆಕಾಶವಾಣಿ ಕೇಳುವ ಎಫ್‌ಎಂ ಅಲೆಗಳಿಗಿಂತ ಸ್ವಲ್ಪ ಕೆಳಗಿನ ರೇಡಿಯೋ ಅಲೆ ಅದು. ನಾವು ಅದೇ ತಾಳದ ಅಲೆ ಕಳಿಸಿ ತಟ್ಟುತ್ತೇವೆ, ಅವು ತಿರುಗಿ ಕೂಗುತ್ತವೆ, ಆ ಕೂಗನ್ನು ಹಿಡಿದು ಚಿತ್ರ ಮಾಡುತ್ತೇವೆ. ಪಾಲ್ ಲಾಟರ್ಬರ್ ಇಂಥ ಮೊದಲ ಚಿತ್ರ ಪ್ರಕಟಿಸಿದ್ದು 1973ರಲ್ಲಿ. ಅವರಿಗೂ ಪೀಟರ್ ಮ್ಯಾನ್ಸ್‌ಫೀಲ್ಡ್ ಅವರಿಗೂ ನೊಬೆಲ್ ಬಂದಿದ್ದು 2003ರಲ್ಲಿ.

ಈಗ ಮಜಾ ಇರುವುದು ಇಲ್ಲಿ. ಕೊಬ್ಬಿನ ಪ್ರೋಟಾನ್ ನೀರಿನ ಪ್ರೋಟಾನ್‌ಗಿಂತ ಒಂಚೂರು ನಿಧಾನ. 1.5 ಟೆಸ್ಲಾದಲ್ಲಿ ಸೆಕೆಂಡಿಗೆ ಸುಮಾರು 220 ಸುತ್ತು ಕಡಿಮೆ. ಆರು ಕೋಟಿಯಲ್ಲಿ 220 ಅಂದರೆ ಏನು ಮಹಾ ಅನ್ನಿಸಬಹುದು. ಆದರೆ ಡೊಳ್ಳು ಕುಣಿತದಲ್ಲಿ ಇಬ್ಬರು ಒಟ್ಟಿಗೆ ಶುರು ಮಾಡಿ, ಒಬ್ಬ ಚೂರೇ ಚೂರು ನಿಧಾನ ಬಾರಿಸಿದರೆ ಏನಾಗುತ್ತೆ ನೋಡಿ. ಸ್ವಲ್ಪ ಹೊತ್ತಿಗೆ ಒಬ್ಬನ ಕೈ ಮೇಲಿದ್ದಾಗ ಇನ್ನೊಬ್ಬನ ಕೈ ಕೆಳಗೆ. ಇನ್ನಷ್ಟು ಹೊತ್ತಿಗೆ ಮತ್ತೆ ಇಬ್ಬರ ಏಟೂ ಒಟ್ಟಿಗೆ. ನೀರು, ಕೊಬ್ಬು ಹೀಗೇ ಬೇರಾಗಿ ಮತ್ತೆ ಕೂಡುತ್ತವೆ. ಒಮ್ಮೆ ಕೂಡಿ ಮತ್ತೆ ಕೂಡಲು ಬೇಕಾಗುವ ಹೊತ್ತು ಒಂದು ಸೆಕೆಂಡಿನ ಸಾವಿರ ಪಾಲಿನಲ್ಲಿ ನಾಲ್ಕೂವರೆ ಪಾಲು.

1984ರಲ್ಲಿ ಥಾಮಸ್ ಡಿಕ್ಸನ್ ಅನ್ನುವವರು ಹೇಳಿದ್ದು ಇಷ್ಟೇ. ಎರಡೂ ಕೂಡಿದಾಗ ಒಂದು ಚಿತ್ರ ತೆಗೆಯಿರಿ, ಎದುರುಬದುರಾದಾಗ ಇನ್ನೊಂದು ತೆಗೆಯಿರಿ. ಒಂದು ಬೆನ್ನುಮೂಳೆಯಲ್ಲಿ ನೀರಿನ ಕೂಗು 60, ಕೊಬ್ಬಿನದು 40 ಅಂತ ಇಟ್ಟುಕೊಳ್ಳಿ. ಕೂಡಿದಾಗ 100 ಸಿಗುತ್ತೆ. ಎದುರಾದಾಗ 60ರಲ್ಲಿ 40 ಕಳೆದು 20. ಈಗ 100 ಮತ್ತು 20 ಕೂಡಿಸಿ ಅರ್ಧ ಮಾಡಿ, 60. ನೀರು ಸಿಕ್ಕಿತು. 100ರಲ್ಲಿ 20 ಕಳೆದು ಅರ್ಧ ಮಾಡಿ, 40. ಕೊಬ್ಬು ಸಿಕ್ಕಿತು. ಕೊಬ್ಬು ನೂರಕ್ಕೆ 40. ಮೂರನೇ ಕ್ಲಾಸಿನ ಲೆಕ್ಕ, ಅಲ್ವಾ?

ಸಭೆಯಲ್ಲಿದ್ದ ಹೈಸ್ಕೂಲು ಹುಡುಗಿಯೊಬ್ಬಳು ಕೈ ಎತ್ತಿದಳು. "ಮೇಡಂ, ಕೊಬ್ಬು 60, ನೀರು 40 ಇದ್ದರೂ ಎದುರಾದಾಗ 20 ಅಲ್ವಾ? ಯಾವುದು ಯಾವುದು ಅಂತ ಹೇಗೆ ಗೊತ್ತಾಗುತ್ತೆ?" ನನಗೆ ಅವತ್ತಿನ ಇಡೀ ದಿನ ಸಾರ್ಥಕ ಅನ್ನಿಸಿದ್ದು ಆ ಪ್ರಶ್ನೆಗೆ. ಡಿಕ್ಸನ್ ವಿಧಾನವನ್ನು ವರ್ಷಗಟ್ಟಲೆ ಕಾಡಿದ ತೊಡಕು ಇದೇ. ನೀರು ಕೊಬ್ಬು ಅದಲುಬದಲಾಗಿ ಬಿಡುವುದು. ಅದಕ್ಕೆ ಈಗ ಎರಡರ ಬದಲು ಆರು ಹೊತ್ತಿನಲ್ಲಿ ಕೂಗನ್ನು ಹಿಡಿಯುತ್ತಾರೆ, ಯಂತ್ರದ ಅಯಸ್ಕಾಂತ ಎಲ್ಲೆಲ್ಲಿ ಹೆಚ್ಚುಕಮ್ಮಿ ಇದೆ ಅನ್ನುವುದನ್ನೂ ಲೆಕ್ಕಕ್ಕೆ ಸೇರಿಸುತ್ತಾರೆ. ಮೂಳೆಯಲ್ಲಿ ಇನ್ನೊಂದು ತಾಪತ್ರಯ. ಒಳಗಿನ ಸಣ್ಣ ತೊಲೆಗಳು ಸುತ್ತಲಿನ ಅಯಸ್ಕಾಂತವನ್ನು ಕೆಡಿಸುತ್ತವೆ, ಕೂಗು ಬೇಗ ಬೇಗ ಅಡಗಿಹೋಗುತ್ತೆ. ಅದನ್ನು ತಿದ್ದದೆ ಬಿಟ್ಟರೆ ಕೊಬ್ಬಿನ ಅಂಕಿ ತಪ್ಪುತ್ತೆ. ಇಷ್ಟೆಲ್ಲ ತಿದ್ದಿದ ಮೇಲೆ ಸಿಗುವ ಅಂಕಿಗೆ ಕೊಬ್ಬಿನ ಪ್ರಮಾಣ ಅನ್ನೋಣ. ಬೆನ್ನಿನ ಪ್ರತಿಯೊಂದು ಮೂಳೆಗೂ ಬೇರೆ ಬೇರೆ ಸಿಗುತ್ತೆ. ಕೆಲವು ನಿಮಿಷದ ಕೆಲಸ.

ಇದರಿಂದ ಏನೇನು ತಿಳಿಯಿತು?

ಗಂಡಸರ ಬೆನ್ನುಮೂಳೆಯಲ್ಲಿ ಚಿಕ್ಕ ವಯಸ್ಸಿನಿಂದಲೇ ಕೊಬ್ಬು ಹೆಂಗಸರಿಗಿಂತ ಜಾಸ್ತಿ. ಮುಟ್ಟು ನಿಂತ ಮೇಲೆ ಹೆಂಗಸರದು ಜೋರಾಗಿ ಏರಿ, 60 ದಾಟುವ ಹೊತ್ತಿಗೆ ಗಂಡಸರನ್ನು ಹಿಂದೆ ಹಾಕುತ್ತೆ. ಐಸ್‌ಲ್ಯಾಂಡಿನ ರೇಕ್ಯಾವಿಕ್‌ನಲ್ಲಿ ವಯಸ್ಸಾದವರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಬೆನ್ನುಮೂಳೆ ಕುಸಿದವರ ಮಜ್ಜೆಯಲ್ಲಿ ಕೊಬ್ಬು ಜಾಸ್ತಿ ಇತ್ತು. ಗಂಡಸರಲ್ಲಿ ಇದು ಎದ್ದು ಕಂಡಿತು. ಕೊಬ್ಬು ಎಷ್ಟು ಅನ್ನುವುದರ ಜೊತೆಗೆ ಎಂಥ ಕೊಬ್ಬು ಅನ್ನುವುದೂ ಮುಖ್ಯ ಇರಬಹುದು. ಸಕ್ಕರೆ ಕಾಯಿಲೆ ಇದ್ದವರಲ್ಲಿ, ಮೂಳೆ ಮುರಿದವರಲ್ಲಿ ತೆಂಗಿನೆಣ್ಣೆಯಂತೆ ಹೆಪ್ಪುಗಟ್ಟುವ ಜಾತಿಯ ಕೊಬ್ಬಿನ ಪಾಲು ಜಾಸ್ತಿ ಅಂತಲೂ 2013ರಲ್ಲೇ ಇನ್ನೊಂದು ತಂಡ ಹೇಳಿತು.

ನನ್ನನ್ನು ಬಹಳ ಕಾಡಿದ್ದು ಮಲಗಿಸಿಟ್ಟ ಹೆಂಗಸರ ಅಧ್ಯಯನ. 2005ರಲ್ಲಿ ಫ್ರಾನ್ಸಿನ ಟುಲೂಸ್‌ನಲ್ಲಿ ಆರೋಗ್ಯವಂತ ಹೆಂಗಸರನ್ನು 60 ದಿನ ಹಾಸಿಗೆಯಲ್ಲೇ, ತಲೆ ಒಂಚೂರು ತಗ್ಗಿಗೆ ಮಾಡಿ ಮಲಗಿಸಿದ್ದರು. ಬಾಹ್ಯಾಕಾಶಕ್ಕೆ ಹೋದರೆ ಮೈಗೆ ಏನಾಗುತ್ತೆ ಅಂತ ತಿಳಿಯಲು. ಅವರ ಬೆನ್ನುಮೂಳೆಯಲ್ಲಿ ಕೊಬ್ಬು ಏರಿತು. ಎದ್ದು ಓಡಾಡಲು ಶುರು ಮಾಡಿ ಒಂದು ವರ್ಷ ಆದರೂ ಅದು ಪೂರ್ತಿ ಇಳಿದಿರಲಿಲ್ಲ. ಗಟ್ಟಿಮುಟ್ಟಾದ ಹೆಂಗಸರಿಗೇ 60 ದಿನಕ್ಕೆ ಹೀಗೆ. ನಮ್ಮಜ್ಜಿಗೆ 90 ದಿನ ಮಲಗಿ ಅಂದಿದ್ದರು. ಈಗ ಸೊಂಟ ಮುರಿದವರನ್ನು ಆಪರೇಷನ್ ಆದ ಮರುದಿನವೇ ಎಬ್ಬಿಸಿ ನಿಲ್ಲಿಸಲು ನೋಡುತ್ತಾರೆ. ಮನೆಯವರು "ಅಯ್ಯೋ ಪಾಪ, ಮಲಗಲಿ ಬಿಡಿ" ಅನ್ನಬಾರದು.

"ಹಂಗಾದ್ರೆ ಎಣ್ಣೆ ತುಪ್ಪ ಬಿಟ್ಟರೆ ಆಯ್ತಲ್ಲ ಡಾಕ್ಟ್ರಮ್ಮ?" ಅಂತ ಒಬ್ಬರು ಕೇಳಿದರು. ಇದಕ್ಕೆ ಉತ್ತರ ತಲೆಕೆಳಗಾಗಿದೆ. ಊಟ ಬಿಟ್ಟು ಮೂಳೆ ಚಕ್ಕಳವಾಗುವ ಅನೊರೆಕ್ಸಿಯಾ ಅನ್ನುವ ಕಾಯಿಲೆ ಇದೆ. ಅಂಥ ಹೆಣ್ಣುಮಕ್ಕಳಲ್ಲಿ ಮೈಮೇಲೆ ಎಲ್ಲೂ ಕೊಬ್ಬು ಇರುವುದಿಲ್ಲ, ಮಜ್ಜೆಯಲ್ಲಿ ಮಾತ್ರ ಮಾಮೂಲಿಗಿಂತ ಜಾಸ್ತಿ. ಮೂಳೆಯೂ ಸೊರಗಿರುತ್ತೆ. ಅಂದರೆ ಮೂಳೆಯ ಕೊಬ್ಬು ಸೊಂಟದ ಕೊಬ್ಬಿನ ತಮ್ಮ ಅಲ್ಲ. ಅದರ ದಾರಿಯೇ ಬೇರೆ. ಉಪವಾಸ ಮಾಡಿ ಅದನ್ನು ಕರಗಿಸಲು ಆಗದು.

ಮಜ್ಜೆಯಲ್ಲಿ ಕೊಬ್ಬು ಏರಿಸಿ ಮೂಳೆ ಕೆಡಿಸುವುದರಲ್ಲಿ ಸ್ಟೀರಾಯ್ಡ್ ಮಾತ್ರೆಗೂ ದೊಡ್ಡ ಹೆಸರು. ನಮ್ಮ ಕಡೆ ಮಳೆಗಾಲದಲ್ಲಿ ಉಬ್ಬಸದವರು ಜಾಸ್ತಿ. ಸರಿಯಾದ ಡಾಕ್ಟರು ಲೆಕ್ಕ ಇಟ್ಟು ಕೊಟ್ಟ ಸ್ಟೀರಾಯ್ಡ್ ಜೀವ ಉಳಿಸುತ್ತೆ. ನನಗೆ ಹೆದರಿಕೆ ಇರುವುದು ಹೆಸರಿಲ್ಲದ ಪೊಟ್ಟಣದ ಪುಡಿಗಳ ಬಗ್ಗೆ. ಮಂಡಿ ನೋವಿಗೆ ಎರಡೇ ದಿನದಲ್ಲಿ ಮಾಯ ಆಗುವಂಥ ಔಷಧಿ ಅಂತ ಯಾರಾದರೂ ಕೊಟ್ಟರೆ ಒಳಗೆ ಸ್ಟೀರಾಯ್ಡ್ ಇರಬಹುದು ಅಂತ ಅನುಮಾನ ಪಡಿ. ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ನಿಲ್ಲಿಸಲೂಬೇಡಿ, ಅದೂ ಅಪಾಯ. ಪೊಟ್ಟಣ ತೆಗೆದುಕೊಂಡು ಡಾಕ್ಟರ ಹತ್ತಿರ ಹೋಗಿ.

ಇಷ್ಟು ಹೊತ್ತು ಕೊಬ್ಬನ್ನು ಬೈದೆ. ಒಂದು ಸಲ ಅದು ನನ್ನಿಂದ ಭೇಷ್ ಅನ್ನಿಸಿಕೊಂಡಿದ್ದನ್ನೂ ಹೇಳಬೇಕು.

ಒಬ್ಬರು ಕೊನೆಗಾರರು ಬಂದಿದ್ದರು. ಅಡಿಕೆ ಮರ ಹತ್ತಿ ಕೊನೆ ಇಳಿಸುವ ಕೆಲಸ, ಮೂವತ್ತು ವರ್ಷದಿಂದ. ಮರದಿಂದ ಬಿದ್ದಿರಲಿಲ್ಲ. ಅಡಿಕೆ ಚೀಲ ಎತ್ತುವಾಗ ಬೆನ್ನಲ್ಲಿ ಚಟ್ ಅಂದಿತ್ತು. ಎಕ್ಸ್-ರೇಯಲ್ಲಿ ಒಂದು ಬೆನ್ನುಮೂಳೆ ಬೆಣೆಯ ಹಾಗೆ ಕುಸಿದಿತ್ತು. ಚೀಲ ಎತ್ತಿದ್ದಕ್ಕೆ ಗಂಡಸಿನ ಮೂಳೆ ಕುಸಿಯಿತು ಅಂದರೆ ಒಳಗೆ ಕ್ಯಾನ್ಸರ್ ಇದೆಯಾ ಅನ್ನುವುದು ಮೊದಲ ಅನುಮಾನ. ಅದನ್ನು ಯಾರೋ ಅವರ ಕಿವಿಗೂ ಹಾಕಿಬಿಟ್ಟಿದ್ದರು. ಗಂಡ ಹೆಂಡತಿ ಇಬ್ಬರೂ ಯಂತ್ರದ ಕೋಣೆಯ ಹೊರಗೆ ಬೆಂಚಿನ ಮೇಲೆ ಮಾತಿಲ್ಲದೆ ಕೂತಿದ್ದರು. ಮಾಮೂಲಿ ಎಂಆರ್‌ಐಯಲ್ಲಿ ಕುಸಿದ ಮೂಳೆ ಕಪ್ಪಗೆ ಕಂಡಿತು. ಹೊಸ ಪೆಟ್ಟಿನ ಊತದಿಂದಲೂ ಹಾಗೆ ಕಾಣುತ್ತೆ, ಗಡ್ಡೆಯಿಂದಲೂ ಕಾಣುತ್ತೆ. ಆಗ ನಾವು ಡೊಳ್ಳಿನ ಲೆಕ್ಕ ತೆಗೆದೆವು. ಗಡ್ಡೆ ಬೆಳೆದರೆ ಅದು ಕೊಬ್ಬನ್ನು ಒತ್ತರಿಸಿ ಹೊರಗೆ ಹಾಕುತ್ತೆ. ಕೊಬ್ಬೇ ಇಲ್ಲದಿದ್ದರೆ ಎದುರುಬದುರಾದಾಗ ಕಳೆಯಲು ಏನೂ ಇರುವುದಿಲ್ಲ, ಕೂಗು ಇಳಿಯುವುದಿಲ್ಲ. ಬರೀ ಟೊಳ್ಳಾಗಿ ಕುಸಿದ ಮೂಳೆಯಲ್ಲಿ ನೀರಿನ ನಡುವೆ ಕೊಬ್ಬೂ ಉಳಿದಿರುತ್ತೆ, ಕೂಗು ನೂರಕ್ಕೆ 20ಕ್ಕಿಂತ ಜಾಸ್ತಿ ಇಳಿಯುತ್ತೆ. ಇವರದು ಅರ್ಧಕ್ಕರ್ಧ ಇಳಿಯಿತು. ಕೊಬ್ಬು ತನ್ನ ಜಾಗದಲ್ಲೇ ಇತ್ತು. ಉಳಿದ ಪರೀಕ್ಷೆಗಳೂ ಅದನ್ನೇ ಹೇಳಿದವು. ಉಬ್ಬಸಕ್ಕೆ ವರ್ಷಗಟ್ಟಲೆ ಮಾತ್ರೆ ತಿಂದಿದ್ದರು ಅನ್ನುವುದು ಆಮೇಲೆ ಹೆಂಡತಿಯ ಬಾಯಿಂದ ಬಂತು.

ಮಜ್ಜೆಯ ಕೊಬ್ಬಿನ ಲೆಕ್ಕ ಇವತ್ತು ಆಸ್ಪತ್ರೆಯಲ್ಲಿ ನೇರವಾಗಿ ಉಪಯೋಗಕ್ಕೆ ಬರುವುದು ಹೀಗೆ. ಮೂಳೆ ಎಷ್ಟು ಗಟ್ಟಿ ಅಂತ ತಿಳಿಯಲು "ಮಜ್ಜೆ ಕೊಬ್ಬಿನ ಎಂಆರ್‌ಐ ಮಾಡಿಕೊಡಿ" ಅಂತ ನೀವು ಯಾರೂ ಹೋಗಬೇಡಿ. ನೂರಕ್ಕೆ ಇಷ್ಟು ದಾಟಿದರೆ ಕಾಯಿಲೆ ಅನ್ನುವ ಗೆರೆ ಇನ್ನೂ ಹಾಕಿಲ್ಲ. ಯಂತ್ರದಿಂದ ಯಂತ್ರಕ್ಕೆ ಅಂಕಿ ಬದಲಾಗುವುದೂ ಉಂಟು. ದುಡ್ಡು ದಂಡ. ಸೊಂಟನೋವಿಗೆ ಅಂತ ಹೇಗೂ ಎಂಆರ್‌ಐ ಮಾಡಿಸಿಕೊಂಡವರ ಚಿತ್ರದಲ್ಲಿ ಐದು ಬೆನ್ನುಮೂಳೆ ಪುಕ್ಕಟೆ ಸಿಕ್ಕಿರುತ್ತವಲ್ಲ, ಅದನ್ನು ನಾವು ರೇಡಿಯಾಲಜಿಯವರು ಡಿಸ್ಕ್ ಒಂದನ್ನೇ ನೋಡಿ ಮಡಚಿ ಇಡದೆ, ಹಳೆಯ ಕುಸಿತ ಇದೆಯಾ, ಮಜ್ಜೆ ಹೇಗಿದೆ ಅಂತ ಎರಡು ಸಾಲು ಬರೆಯಬೇಕು. ಇದು ನನ್ನ ಕಸುಬಿನವರಿಗೆ ಹೇಳಿದ ಮಾತು. ನಾನೂ ಎಷ್ಟೋ ವರ್ಷ ಬರೆದಿರಲಿಲ್ಲ.

ಕೊನೆಯಲ್ಲಿ ಪ್ರಶ್ನೆಗಳು. ಸಾಗರದ ಕಡೆಯವರೊಬ್ಬರು ಹಂದಿಗೋಡು ಕಾಯಿಲೆಯೂ ಇದೇನಾ ಅಂತ ಕೇಳಿದರು. ಅಲ್ಲ. ಹಂದಿಗೋಡಿನಲ್ಲಿ 1970ರ ದಶಕದ ನಡುವೆ ಬೆಳಕಿಗೆ ಬಂದ ಆ ಕಾಯಿಲೆ ವಂಶದಲ್ಲಿ ಹರಿದು ಬರುವಂಥದ್ದು, ಬೆನ್ನು ಮತ್ತು ಸೊಂಟದ ಕೀಲುಗಳ ಬೆಳವಣಿಗೆಯನ್ನೇ ಕೆಡಿಸುತ್ತೆ. ಮೊದಮೊದಲು ಕೀಟನಾಶಕ ಬಿದ್ದ ಗದ್ದೆಯ ಏಡಿ ತಿಂದಿದ್ದಕ್ಕೆ ಅಂತ ಅನುಮಾನ ಪಟ್ಟಿದ್ದರು. ಮನೆಮನೆಯ ವಂಶಾವಳಿ, ಎಕ್ಸ್-ರೇ ನೋಡುತ್ತಾ ಹೋದ ಹಾಗೆ ಏಡಿ ಪಾರಾಯಿತು. ಇನ್ನೊಬ್ಬರು ನಲ್ಲಿ ಮೂಳೆ ಸೂಪು ಕುಡಿದರೆ ಮೂಳೆಗೆ ಒಳ್ಳೆಯದಾ ಅಂದರು. ರುಚಿಗೆ ಕುಡಿಯಿರಿ, ನಿಮ್ಮ ಮಜ್ಜೆಗೆ ಅದು ಹೋಗಿ ಸೇರುವುದಿಲ್ಲ ಅಂದೆ.

ಎಲ್ಲರೂ ಕಾಫಿಗೆ ಎದ್ದ ಮೇಲೆ ಒಬ್ಬರು ಅಜ್ಜಿ ಹತ್ತಿರ ಬಂದರು. "ಡೊಳ್ಳು ಗಿಳ್ಳು ನಂಗೆ ಗೊತ್ತಾಗ್ಲಿಲ್ಲ ಮಗಾ. ನಂದು ಹೆಂಗಿದೆ ಹೇಳು." ಮೊದಲಿಗಿಂತ ಕುಳ್ಳಗಾಗಿದ್ದೀರಾ ಅಜ್ಜಿ ಅಂತ ಕೇಳಿದೆ. ಸ್ವಲ್ಪ ಯೋಚಿಸಿ ಅಂದರು, "ನಾಗಂದಿಗೆ ಮೇಲಿನ ಉಪ್ಪಿನಕಾಯಿ ಭರಣಿ ಮೊದ್ಲು ಕೈಗೆ ಸಿಕ್ತಿತ್ತು. ಈಗ ಮಣೆ ಹಾಕ್ಕೊಂಡು ಹತ್ತಬೇಕು." ಭವನದ ಗೋಡೆಗೆ ಹಿಮ್ಮಡಿ, ಬೆನ್ನು ಒರಗಿಸಿ ನೇರವಾಗಿ ನಿಲ್ಲಿ ಅಂದೆ. ನಿಂತರು. ತಲೆಯ ಹಿಂಭಾಗ ಗೋಡೆಗೆ ತಾಗಬೇಕು. ಎಷ್ಟು ಪ್ರಯತ್ನ ಪಟ್ಟರೂ ತಾಗಲಿಲ್ಲ. ನಡುವೆ ನನ್ನ ನಾಲ್ಕು ಬೆರಳು ಸಲೀಸಾಗಿ ಹೋದವು. ಯಂತ್ರವೇ ಬೇಡದ ಪರೀಕ್ಷೆ ಇದು, ಬೆನ್ನುಮೂಳೆ ಕುಸಿದಿರಬಹುದು ಅಂತ ಹೇಳುತ್ತೆ.

ಅವರ ಮಗ ಮೊಬೈಲ್ ಟಾರ್ಚ್ ಹಿಡಿದರು. ಬೆನ್ನಿನ ಪಕ್ಕದಿಂದ ಒಂದು ಎಕ್ಸ್-ರೇ, ಆಮೇಲೆ ಡೆಕ್ಸಾ, ರಕ್ತದಲ್ಲಿ ಕ್ಯಾಲ್ಸಿಯಂ ಮತ್ತು ವಿಟಮಿನ್ ಡಿ ಅಂತ ಚೀಟಿ ಬರೆದುಕೊಟ್ಟೆ. ಅಂಗಳದಲ್ಲಿ ಜಾರದ ಹಾಗೆ ಸೋಗೆ ಹಾಸಿದ್ದೀರಾ ಅಂತ ಮಗನನ್ನು ಕೇಳಿದೆ. ಅಂಗಳಕ್ಕೆ ಹಾಸಿದ್ದೇವೆ, ಬಚ್ಚಲಿಗೆ ಹೋಗುವ ದಾರಿಗೆ ಇಲ್ಲ ಅಂದರು.